ಎಪ್ಪತ್ತೊಂದನೆಯ ಕದ

ನಮ್ಮ ಊರಿನ ಮನೆಗಳಿಗೆ ಕದಗಳಿಲ್ಲ. ಚೌಕಟ್ಟು ಇದೆ, ಹೊಸ್ತಿಲು ಇದೆ, ಹೊಸ್ತಿಲಿಗೆ ಅರಿಶಿನ ಕುಂಕುಮವೂ ಇದೆ. ಕದ ಇರಬೇಕಾದ ಕಡೆ ಹಳೇ ಸೀರೆಯದೋ ಗೋಣಿಯದೋ ಒಂದು ಪರದೆ ತೂಗುತ್ತಿರುತ್ತದೆ. ಕದಗಳೆಲ್ಲ ಊರಾಚೆ ಜೌಗಿನಲ್ಲಿ ಅಂಗಾತ ಮಲಗಿವೆ. ಅವುಗಳ ಮೇಲೆ ಜೀಪು ಹೋಗುತ್ತದೆ. ಗಾಲಿ ಯಾವ ಕದದ ಮೇಲೆ ಹತ್ತಿತೋ ಆ ಕದದ ಮನೆಯಲ್ಲಿ, ಖಾಲಿ ಚೌಕಟ್ಟಿನ ನಡುವೆ, ಬಾಗಿಲು ತಟ್ಟಿದ ಸದ್ದಾಗುತ್ತದೆ. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ಎರಡರ ನಡುವೆ ಮನೆಯೊಳಗಿರುವವರು “ಇದ್ದೀವಿ, ದಾಟಿ” ಅನ್ನಬೇಕು. ಅಂದರೆ ಸರಿ, ಕದ ಗಾಲಿಯನ್ನು ಹೊರುತ್ತದೆ. ಅನ್ನದೇ ಹೋದರೆ ಹೊರುವುದಿಲ್ಲ. ಇಷ್ಟೇ ನಮ್ಮೂರಿನ ಕಟ್ಟಳೆ.

ಜೀಪು ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ನಾಲ್ಕಕ್ಕೆ ಮರಳುತ್ತದೆ. ಆ ಎರಡು ಹೊತ್ತಿನಲ್ಲಿ ಊರಿನಲ್ಲಿ ಯಾರೂ ಬಚ್ಚಲಿಗೆ ಹೋಗುವುದಿಲ್ಲ, ಬಾಯಿ ತುಂಬ ಎಲೆಅಡಿಕೆ ಹಾಕಿಕೊಳ್ಳುವುದಿಲ್ಲ, ಗಂಡಹೆಂಡಿರ ಜಗಳ ನಡೆಯುತ್ತಿದ್ದರೆ ಸ್ವಲ್ಪ ಹೊತ್ತು ನಿಂತು ಆಮೇಲೆ ಮುಂದುವರಿಯುತ್ತದೆ. ಕದಗಳನ್ನು ಬೀದಿಯ ಲೆಕ್ಕದಲ್ಲಿ ಹಾಸಿಲ್ಲ, ಕೊಟ್ಟವರು ಕೊಟ್ಟ ಹಾಗೆ ಹಾಸಿದ್ದು. ಹಾಗಾಗಿ ಸದ್ದು ಊರ ತುಂಬ ಓಡಾಡುತ್ತದೆ. ಕುಂಬಾರರ ಮನೆಯಲ್ಲಿ ಟಕ್ ಎಂದದ್ದು ಮರುಕ್ಷಣ ಬಾವಿಯ ಹತ್ತಿರದ ಮನೆಯಲ್ಲಿ ಟಕ್ ಅನ್ನುತ್ತದೆ, ಅಲ್ಲಿಂದ ಮಸೀದಿಯ ಹಿಂದಕ್ಕೆ ಹಾರುತ್ತದೆ. ಕಣ್ಣು ಮುಚ್ಚಿ ಕೂತರೆ ಜೀಪು ಜೌಗಿನಲ್ಲಿ ಎಲ್ಲಿದೆಯೆಂದು ಯಾರು ಬೇಕಾದರೂ ಹೇಳಬಹುದು. ನೂರ ನಲವತ್ತು ಮನೆ, ನೂರ ನಲವತ್ತು ಕದ, ನೂರ ನಲವತ್ತು ಸಲ “ಇದ್ದೀವಿ, ದಾಟಿ”. ಐವತ್ತು ವರ್ಷದ ಹೆಂಗಸು ನಾನು, ಇವತ್ತಿಗೂ ಆ ಸದ್ದು ನನ್ನ ಮನೆಯ ಕಡೆಗೆ ಬರುತ್ತಿರುವಾಗ ಮೈ ಜುಂ ಅನ್ನುತ್ತದೆ.

ನನ್ನ ಹೆಸರು ದೇವೀರಮ್ಮ. ನಮ್ಮದು ಎಪ್ಪತ್ತೊಂದನೆಯ ಕದ. ಜೌಗಿನ ನಟ್ಟನಡುವೆ ನೆಲ ತಗ್ಗಾಗಿ, ನೀರು ಜಾಸ್ತಿಯಾಗಿ, ಮೇಲಿನ ಹುಲ್ಲು ಕೂಡ ಹಾಲಿನ ಕೆನೆಯಂತೆ ತೆಳ್ಳಗಾಗುವ ಜಾಗವೊಂದಿದೆ. ಅದನ್ನು ಹೊಟ್ಟೆ ಅನ್ನುತ್ತೇವೆ. ನಮ್ಮ ಕದ ಇರುವುದು ಅಲ್ಲೇ. ಜೀಪು ಓಡಿಸುವ ಖಲಂದರ್ ಹೇಳುತ್ತಿದ್ದ, “ಬೇರೆ ಕದಗಳ ಮ್ಯಾಲೆ ಸ್ಟೀರಿಂಗ್ ಹಿಡ್ಕೊಂಡಿರ್ತೀನಿ ದೇವೀರಕ್ಕ, ನಿಮ್ಮದರ ಮ್ಯಾಲೆ ಜೀವ ಹಿಡ್ಕೊಂಡಿರ್ತೀನಿ.” ಹೊಗಳಿಕೆ ಅಂತ ತಿಳಿದು ನಾನು ಉಬ್ಬುತ್ತಿದ್ದೆ.

ಕದಗಳು ಹೋಗುವಾಗ ನನಗೆ ಹನ್ನೆರಡು ವರ್ಷ. ಆಗ ಊರಿನಲ್ಲಿ ಹನ್ನೊಂದು ಜೀಪುಗಳಿದ್ದವು. ಒಂದರ ಗಾಲಿ ಕೆಸರು ಮಾಡಿದ ಜಾಡು ಬೇಡವೆಂದು ಇನ್ನೊಂದು ಪಕ್ಕಕ್ಕೆ ಹೋಗುತ್ತಿತ್ತು, ಅದರ ಜಾಡೂ ಕೆಟ್ಟಿತೆಂದು ಮತ್ತೊಂದು ಇನ್ನಷ್ಟು ಪಕ್ಕಕ್ಕೆ. ಹೀಗೆ ಒಂದು ಗಾಡಿಯಗಲದ ದಾರಿ ಅರ್ಧ ಮೈಲಿ ಅಗಲವಾಯಿತು. ಆ ನೆಲಕ್ಕೆ ಮೇಲೊಂದು ಹುಲ್ಲಿನ ಚರ್ಮವಿದೆ. ಒಮ್ಮೆ ಹರಿದರೆ ಒಂದು ತಲೆಮಾರು ಕಳೆದರೂ ಕೂಡುವುದಿಲ್ಲ. ಕಲ್ಲು ಹಾಕಿದರು, ಮರದ ದಿಮ್ಮಿ ಹಾಕಿದರು, ಮರಳಿನ ಮೂಟೆ ಹಾಕಿದರು. ಎಲ್ಲವನ್ನೂ ಜೌಗು ಸದ್ದಿಲ್ಲದೆ ನುಂಗಿತು. ಕೊನೆಗೊಂದು ದಿನ ಎದುರುಮನೆ ಕೆಂಪಜ್ಜಿಯ ಗಂಡ ಜ್ವರದ ಮಗುವನ್ನು ಜೀಪಿನಲ್ಲಿ ಮಲಗಿಸಿಕೊಂಡು, ಇರಲಿ ಎಂದು ತನ್ನ ಮನೆಯ ಕದವನ್ನೇ ಕಿತ್ತು ಜೀಪಿಗೇರಿಸಿಕೊಂಡು ಹೊರಟ. ಜೌಗಿನ ನಡುವೆ ಗಾಲಿ ಹೂತಾಗ ಅದನ್ನು ಮುಂದೆ ಹಾಸಿದ. ಇತ್ತ ಮನೆಯಲ್ಲಿ ಕೆಂಪಜ್ಜಿಗೆ ಬಾಗಿಲು ತಟ್ಟಿದ್ದು ಕೇಳಿಸಿತು. ಯಾರೋ ನೆಂಟರು ಬಂದರೆಂದು ಒಲೆಯ ಮುಂದಿನಿಂದಲೇ, “ಇದ್ದೀವಿ, ದಾಟಿ ಬನ್ನಿ” ಅಂದಳು. ಜೀಪು ದಾಟಿತು. ಮಗು ಉಳಿಯಿತು. ಒಂದು ತಿಂಗಳಲ್ಲಿ ಊರಿನ ಕದಗಳೆಲ್ಲ ಜೌಗಿಗೆ ಹೋದವು.

ನಮ್ಮ ಮನೆ ಆಗಿನ್ನೂ ಹೊಸದು. ಕದ ಕೂರಿಸಿ ನಾಲ್ಕು ದಿನವಾಗಿತ್ತು, ಹೊಸ ಮರದ ವಾಸನೆ ಹೋಗಿರಲಿಲ್ಲ. ಗೃಹಪ್ರವೇಶಕ್ಕೆ ದಿನ ನೋಡಿ ಇಟ್ಟಿದ್ದರು. ಅಪ್ಪ ನನ್ನನ್ನೂ ತಂಗಿ ಗಿರಿಜೆಯನ್ನೂ ಕದಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಕುಡುಗೋಲಿನ ತುದಿಯಿಂದ ಒಂದೊಂದು ಗೆರೆ ಎಳೆದಿದ್ದ. ಊರಿನವರು ಬಂದು ಕೇಳಿದಾಗ ಒಂದು ಮಾತೂ ಆಡದೆ ಎತ್ತಿ ಕೊಟ್ಟ. ಕದವಿಲ್ಲದ ಮನೆಗೆ ಎಂಥ ಗೃಹಪ್ರವೇಶ ಎಂದು ಆ ಯೋಚನೆಯನ್ನೇ ಬಿಟ್ಟುಬಿಟ್ಟ.

ಕಟ್ಟಳೆಗೆ ಒಂದು ಬಾಲವಿದೆ ಎಂದು ಗೊತ್ತಾದದ್ದು ಆಮೇಲೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಅತ್ತೆ ಮನೆಯಲ್ಲಿಲ್ಲದಾಗ “ಇದ್ದೀವಿ, ದಾಟಿ” ಅಂದಳು. ಜೀಪು ಮೊಣಕಾಲುದ್ದ ಹೂತಿತು. ಕದ ಚೌಕಟ್ಟಿನಲ್ಲಿ ಇದ್ದಾಗ ಅದನ್ನು ಹಾದು ಒಳಗೆ ಬಂದವರು ಉತ್ತರ ಕೊಟ್ಟರೆ ಮಾತ್ರ ಕದ ಒಪ್ಪುತ್ತದೆ, ಅದೂ ಆ ಮನೆಯ ಒಳಗಿನಿಂದ. ಬೇರೆಯವರದೆಲ್ಲ ಹಳೇ ಮನೆಗಳು, ಬಂದುಹೋದವರು ಬೇಕಾದಷ್ಟು ಜನ. ನಮ್ಮ ಕದವನ್ನು ಹಾದವರು ನಾಲ್ಕೇ ಮಂದಿ: ಅಪ್ಪ, ಅವ್ವ, ನಾನು, ಗಿರಿಜೆ. ಅಪ್ಪ ಬೇಗ ಹೋದ. ಅವ್ವ ಹೋದ ಮೇಲೂ ಒಂದು ವರ್ಷ ನಾನು “ಇದ್ದೀವಿ” ಎಂದೇ ಹೇಳುತ್ತಿದ್ದೆ. ಆಮೇಲೊಂದು ಬೆಳಿಗ್ಗೆ ಬಾಯಿಂದ ತಾನಾಗಿ “ಇದ್ದೀನಿ” ಅಂತ ಬಂತು. ಅವತ್ತು ನಾನು ತುಂಬ ಅತ್ತೆ.

ಗಿರಿಜೆಯನ್ನು ಜೌಗಿನಾಚೆಯ ದಡಕ್ಕೆ ಕೊಟ್ಟಿದ್ದೆವು. ವರ್ಷಕ್ಕೆರಡು ಸಲ ಬರುತ್ತಿದ್ದಳು. ಬಂದಾಗಲೆಲ್ಲ, “ನಾನು ಕೂಗ್ತೀನಿ ಕಣಕ್ಕ, ನೀನೊಂದ್ಸಲ ಹೋಗಿ ಆ ದಡ ನೋಡ್ಕಂಡು ಬಾ” ಅನ್ನುತ್ತಿದ್ದಳು. ಅವಳು ಇಲ್ಲಿ ಕೂತಿರುವಾಗ ಅವಳನ್ನು ಬಿಟ್ಟು ಆಚೆ ದಡದಲ್ಲಿ ಯಾರನ್ನು ನೋಡಲಿ? ಮುಂದಿನ ಸಲ ಮುಂದಿನ ಸಲ ಎನ್ನುತ್ತ ಉಳಿದೆ. ಕದ ಹೋದಾಗಿನಿಂದ ಮೂವತ್ತೆಂಟು ವರ್ಷ ನಾನು ಜೌಗು ದಾಟಲಿಲ್ಲ. ಕಳೆದ ಎರಡು ವರ್ಷದಿಂದ ಅವಳ ಕಾಲು ಸೋತು ಬರುವುದು ನಿಂತಿತ್ತು. ಈ ಸಲ ಹುರುಳಿ ಕೊಯ್ಲಿನ ಸಮಯದಲ್ಲಿ ಖಲಂದರ್ ಸಂಜೆ ಜೀಪು ನಿಲ್ಲಿಸಿದವನು ನೇರ ನಮ್ಮ ಮನೆಗೆ ಬಂದು ಹೊರಗೇ ಕೆಮ್ಮಿದ. ನಮ್ಮೂರಿನಲ್ಲಿ ಮನೆಗೆ ಬಂದವರು ಕೆಮ್ಮುತ್ತಾರೆ, ತಟ್ಟುವುದಿಲ್ಲ.

“ಗಿರಿಜಕ್ಕನಿಗೆ ಎದ್ದು ಕೂರಕ್ಕೂ ಆಗ್ತಿಲ್ಲ” ಅಂದ. “ಡಾಕ್ಟ್ರು ಜಾಸ್ತಿ ದಿನ ಹೇಳಿಲ್ವಂತೆ. ಅಕ್ಕನ್ನ ಒಂದ್ಸಲ ನೋಡ್ಬೇಕು ಅಂತ ಹೇಳಿ ಕಳಿಸವ್ರೆ.”

“ನಾನು ಜೀಪಲ್ಲಿ ಕೂತ್ರೆ ಇಲ್ಲಿ ಕೂಗೋರ್ಯಾರು ಖಲಂದರ್?”

ಅವನು ಕಾಲಿನ ಕೆಸರನ್ನು ನೋಡುತ್ತ ನಿಂತ.

ಅದೇ ವಾರ ದಾರಿ ಇಲಾಖೆಯ ಇಂಜಿನಿಯರ್ ಬಂದರು. ಹೆಸರು ಗುರುಸಿದ್ದಪ್ಪ. ದೂರದ ಬಯಲು ನಾಡಿನವರು, ಹೊಟ್ಟೆ ಸ್ವಲ್ಪ ಮುಂದೆ, ಮಾತು ಇನ್ನೂ ಸ್ವಲ್ಪ ಮುಂದೆ. ಸಂಜೆಯ ಜೀಪಿನಲ್ಲಿ ಬಂದು ಚಾವಡಿಯಲ್ಲಿ ಮಲಗಿದ್ದವರು ಬೆಳಿಗ್ಗೆ ಹತ್ತರ ಹೊತ್ತಿಗೆ ಬೀದಿಗೆ ಬಂದು, ಸಭ್ಯರಾದ್ದರಿಂದ, ಮೊದಲ ಮನೆಯ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಒಳಗಿನಿಂದ “ಇದ್ದೀವಿ, ದಾಟಿ” ಎಂದು ಕೇಳಿಸಿತು. ಕಾದರು. ಯಾರೂ ಹೊರಗೆ ಬರಲಿಲ್ಲ. ಎರಡನೆಯ ಮನೆ ತಟ್ಟಿದರು. “ಇದ್ದೀವಿ, ದಾಟಿ.” ಮೂರನೆಯದು, ಹತ್ತನೆಯದು, ಇಪ್ಪತ್ತನೆಯದು. ಹೊತ್ತಲ್ಲದ ಹೊತ್ತಿನಲ್ಲಿ ಯಾವುದೋ ಗಾಡಿ ಬರುತ್ತಿದೆಯೆಂದು ಊರಿಗೆ ಊರೇ ಕೆಲಸ ಬಿಟ್ಟು ಕೂತು ಉತ್ತರ ಕೊಡುತ್ತಿತ್ತು. ಬಿಸಿಲು ನೆತ್ತಿಗೇರಿತು. ಕೊನೆಗೆ ಕೆಂಪಜ್ಜಿ ತನ್ನ ಪರದೆಯ ಕೆಳಗೆ ಎರಡು ಬೂಟು ಕಂಡು ಪರದೆ ಸರಿಸಿದಳು.

“ದಾಟ್ರಿ ದಾಟ್ರಿ ಅಂತೀರಿ” ಎಂದರು ಗುರುಸಿದ್ದಪ್ಪ ಬೆವರು ಒರೆಸಿಕೊಳ್ಳುತ್ತ. “ದಾಟಿ ಎಲ್ಲಿಗೆ ಹೋಗಬೇಕ್ರಿ ನಾನು?”

ಕೆಂಪಜ್ಜಿಗೆ ನಗು ತಡೆಯಲಾಗಲಿಲ್ಲ. ಕರೆದು ಕೂರಿಸಿ ಮುದ್ದೆ ಹಾಕಿದಳು.

ಅವರು ಬಂದದ್ದು ಜೌಗಿನ ದಾರಿಯನ್ನು ಗಟ್ಟಿ ಮಾಡುವುದಕ್ಕೆ. ತಮ್ಮ ಜೊತೆ ಒಂದು ತುಂಡು ತಂದಿದ್ದರು: ಅಂಗೈಯಗಲದ ಕಣ್ಣುಗಳಿರುವ ಕಪ್ಪು ಪ್ಲಾಸ್ಟಿಕ್ಕಿನ ದಪ್ಪ ಚಾಪೆ. ಕೆಳಗೊಂದು ಬಟ್ಟೆ ಹಾಸಿ, ಅದರ ಮೇಲೆ ಈ ಚಾಪೆಗಳನ್ನು ಒಂದಕ್ಕೊಂದು ಕೊಂಡಿ ಸೇರಿಸಿ ಹಾಸಿದರೆ ನೀರು ಹರಿದುಹೋಗುತ್ತದೆ, ಹುಲ್ಲು ಕಣ್ಣುಗಳಿಂದ ಮೇಲೆ ಬರುತ್ತದೆ, ಗಾಲಿ ಹೂಳುವುದಿಲ್ಲ. “ಭಾರಾ ಹರಡಬೇಕ್ರಿ” ಎಂದು ಎಲ್ಲರಿಗೂ ಕೈಯಗಲಿಸಿ ತೋರಿಸಿದರು. “ಒಂದ ಕಡೆ ಬಿದ್ರ ನೆಲಾ ಹರೀತದ. ಹತ್ತ ಕಡೆ ಹಂಚಿದ್ರ ತಡೀತದ.” ಮಾತು ಸರಿಯಾಗಿಯೇ ಇತ್ತು. ಆದರೆ ಕದಗಳನ್ನೆಲ್ಲ ಕಿತ್ತು ಅವರವರ ಮನೆಗೆ ವಾಪಸು ಕೊಡುತ್ತೇನೆ ಎಂದಾಗ ಊರು ಎರಡಾಯಿತು. ಕೆಲವರು ರಾತ್ರಿ ಕದ ಹಾಕಿ ಮಲಗುವುದು ಹೇಗಿರುತ್ತದೆಂದು ನೋಡಬೇಕು ಅಂದರು. ಕೆಲವರು ಕದ ಎತ್ತುವುದೇ ಬೇಡ ಅಂದರು. ಖಾಲಿ ಚೌಕಟ್ಟು ತಟ್ಟುತ್ತದೆ ಎನ್ನುವುದನ್ನು ಗುರುಸಿದ್ದಪ್ಪ ನಂಬಿರಲೇ ಇಲ್ಲ. ಹಳೇ ಮರ, ಒಣಗಿ ಚಿಟಕ್ಕನ್ನುತ್ತದೆ ಎಂದುಬಿಟ್ಟರು.

ಕೆಲಸ ಜೌಗಿನ ಹೊಟ್ಟೆಯಿಂದಲೇ ಶುರುವಾಗಬೇಕು, ಮೊದಲು ಏಳಬೇಕಾದ್ದು ನಿಮ್ಮ ಕದ ಎಂದು ಗುರುಸಿದ್ದಪ್ಪ ನನ್ನ ಹತ್ತಿರ ಬಂದರು. ನಾನು ಒಲ್ಲೆ ಅಂದೆ. ನನಗೆ ಬಿಡುಗಡೆ ಬೇಕಾಗಿತ್ತು, ಗಿರಿಜೆಯ ಮುಖ ನೋಡಬೇಕಾಗಿತ್ತು. ಕದ ಎದ್ದ ದಿನವೇ ಜೀಪು ಹತ್ತಬಹುದಾಗಿತ್ತು. ಆದರೂ ಒಲ್ಲೆ ಅಂದೆ. ಅವರ ಚಾಪೆಯನ್ನೂ ಜೌಗು ನುಂಗಿದರೆ ಆ ಪಾಪ ಯಾರಿಗೆ ಅನ್ನುವುದು ನಾನು ಬಾಯಲ್ಲಿ ಹೇಳಿದ ಕಾರಣ. ಹೇಳದೆ ಉಳಿದದ್ದು ಬೇರೆ. ದಿನಕ್ಕೆರಡು ಸಲ ಆ ಸದ್ದು ಬಂದು ನನ್ನನ್ನು ಕೇಳುತ್ತಿತ್ತು, ನಾನು ಇದ್ದೀನಿ ಅನ್ನುತ್ತಿದ್ದೆ. ಅದು ನಿಂತುಹೋದರೆ ಈ ಮನೆಯಲ್ಲಿ ನಾನಿರುವುದನ್ನು ಯಾರು ಕೇಳುತ್ತಾರೆ ಎನ್ನುವ ದಿಗಿಲು ನನ್ನೊಳಗಿತ್ತು.

ಅವರು ಬಿಡಲಿಲ್ಲ. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಚೌಕಟ್ಟನ್ನು ಎರಡು ಸಲ ತಟ್ಟುತ್ತಿದ್ದರು. ಕೆಮ್ಮಿ ಬನ್ನಿ ಎಂದು ಹೇಳಿದರೂ ಮರೆಯುತ್ತಿದ್ದರು. ನಾಲ್ಕು ದಿನ ವಾದ ಮಾಡಿದೆ. ಐದನೆಯ ದಿನ ಅವರಿಗೆ ಉತ್ತರವನ್ನೇ ಕೊಡಬಾರದೆಂದು ತೀರ್ಮಾನ ಮಾಡಿಕೊಂಡು ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತೆ. ಆ ಸಿಟ್ಟಿನಲ್ಲಿ ಬೇರೆ ಮನೆಗಳ ಕೂಗು ಕಿವಿಗೆ ಬೀಳಲಿಲ್ಲ. ಹನ್ನೆರಡಕ್ಕೆ ಸರಿಯಾಗಿ ಟಕ್ ಅಂದಿತು. ನಾನು ತುಟಿ ಬಿಗಿಹಿಡಿದೆ. ಹೊರಗೆ ನಿಂತು ಕಾಯಲಿ, ಬಿಸಿಲು ಬಡಿದರೆ ಬುದ್ಧಿ ಬರುತ್ತದೆ ಎಂದುಕೊಂಡೆ. ಎರಡನೆಯ ಟಕ್ ಬರಲಿಲ್ಲ. ಸೋತು ಹೋದರು ಅಂತ ನನಗೆ ಒಳಗೊಳಗೇ ಖುಷಿ.

ಆಗ ಕೆಂಪಜ್ಜಿ ಪರದೆ ಎತ್ತಿ ಒಳಗೆ ಬಂದಳು. ಅವಳದು ಎಪ್ಪತ್ತನೆಯ ಕದ, ನಮ್ಮ ಕದದ ಪಕ್ಕದ್ದು. ಎಂಬತ್ತರ ಮುದುಕಿ, ಓಡಿ ಬಂದಿದ್ದಳು.

“ಜೀಪು ಆ ಕಡೆಯಿಂದ ಬರ್ತಾ ಐತೆ ಕಣೇ, ನೂರ ನಲವತ್ತರಿಂದ ಕೂಗ್ಕಂಡು ಬಂದವ್ರೆ. ಎಪ್ಪತ್ತೆರಡಾಯ್ತು. ನನ್ನದು ಇನ್ನೂ ತಟ್ಟಿಲ್ಲ. ನಿಂದು ತಟ್ತೇನೇ?”

ನನ್ನ ಕೈಯಿಂದ ಜರಡಿ ಜಾರಿತು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರದ ಮಾತನ್ನು ನಾನು ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ ನುಂಗಿಕೊಂಡಿದ್ದೆ. ಎದ್ದು ಚೌಕಟ್ಟಿಗೆ ಎರಡೂ ಕೈ ಕೊಟ್ಟು “ಇದ್ದೀನಿ” ಅಂದೆ. ಏನೂ ಇಲ್ಲ. “ಇದ್ದೀನಿ, ದಾಟಿ. ಇದ್ದೀನಿ.” ಮತ್ತೂ ಅಂದೆ. ಊರಿನ ಗಂಡಸರು ಹಗ್ಗ ಹಿಡಿದು ಜೌಗಿನ ಕಡೆ ಓಡಿದರು. ನಾನು ಓಡುವ ಹಾಗಿರಲಿಲ್ಲ, ನಾನು ಹೊಸ್ತಿಲು ಬಿಟ್ಟರೆ ಮುಗಿಯಿತು. ನಿಂತಲ್ಲೇ ನಿಂತು ಹೇಳಿದೆ. ಎಷ್ಟು ಸಲ ಹೇಳಿದೆನೋ ಆ ದೇವರಿಗೇ ಗೊತ್ತು. ಬಿಸಿಲು ಇಳಿಯುವವರೆಗೆ, ದನಿ ಒಡೆದು ಬರೀ ಗಾಳಿ ಬರುವವರೆಗೆ ಹೇಳಿದೆ. ಸಂಜೆಗೆ ಮುನ್ನ ಚೌಕಟ್ಟಿನಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ಎರಡನೆಯ ಟಕ್ ಕೇಳಿಸಿತು. ಮರುಗಳಿಗೆ ಎದುರುಮನೆಯಲ್ಲಿ ಕೆಂಪಜ್ಜಿ “ಇದ್ದೀವಿ, ದಾಟಿ” ಅಂದದ್ದು ಕೇಳಿ ನಾನು ಅಲ್ಲೇ ಕುಸಿದೆ.

ಯಾರೂ ಸಾಯಲಿಲ್ಲ. ಅವತ್ತು ಆಚೆ ದಡಕ್ಕೆ ಚಾಪೆಯ ಸುರುಳಿಗಳು ಬಂದಿದ್ದವು. ಅವನ್ನು ತರಲು ಗುರುಸಿದ್ದಪ್ಪನವರೇ ಹೋಗಿದ್ದರು, ಖಲಂದರ್ ಬೇಗ ಮರಳುತ್ತಿದ್ದ. ಮುಂದಿನ ಗಾಲಿ ನಮ್ಮ ಕದ ಹತ್ತಿದ್ದೇ ಕದ ಇಳಿಯಿತು, ಬಾನೆಟ್ಟಿನವರೆಗೆ ಜೀಪು ಹೂತಿತು. ಇಬ್ಬರೂ ಕೆಳಗೆ ಹಾರಿ, ಎದೆಯುದ್ದದ ಕೆಸರಿನಲ್ಲಿ ನಿಂತು ಚಾಪೆಗಳನ್ನು ಕದದ ಸುತ್ತ ತುರುಕಿದರು. ಚಾಪೆಗಳು ಸ್ವಲ್ಪ ಹೊತ್ತು ತಡೆದವು. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ದನಿ ತಲುಪಿತು. ಇಲ್ಲದಿದ್ದರೆ ಕದವೂ ಇರುತ್ತಿರಲಿಲ್ಲ, ಅವರೂ ಇರುತ್ತಿರಲಿಲ್ಲ.

ಮರುದಿನ ನನ್ನ ಗಂಟಲಿನಿಂದ ಒಂದು ಸೊಲ್ಲೂ ಹೊರಡಲಿಲ್ಲ. ಕೆಂಪಜ್ಜಿ ಶುಂಠಿ ಕಷಾಯ ಕುಡಿಸಿದಳು, ಜೇನು ನೆಕ್ಕಿಸಿದಳು. ಎರಡನೆಯ ದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಎಪ್ಪತ್ತೊಂದು ಮಾತಾಡದಿದ್ದರೆ ದಾರಿಯೇ ಇಲ್ಲ. ಜೀಪು ನಿಂತಿತು, ಊರಿಗೆ ಬರಬೇಕಾದ ಸೀಮೆಎಣ್ಣೆ ನಿಂತಿತು, ಗಿರಿಜೆಯ ಸುದ್ದಿಯೂ ನಿಂತಿತು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಂಟಕ್ಕೂ ನಾಲ್ಕಕ್ಕೂ ಊರು ಅಭ್ಯಾಸದಿಂದ ಕಿವಿಗೊಟ್ಟು ಕೂರುತ್ತಿತ್ತು, ಏನೂ ಬರುತ್ತಿರಲಿಲ್ಲ. ಗಿರಿಜೆ ಇದ್ದಾಳೋ ಇಲ್ಲವೋ ಎನ್ನುವ ಒಂದೇ ಯೋಚನೆಯಲ್ಲಿ ನಾನು ಬೆಂದುಹೋದೆ.

ನಾಲ್ಕನೆಯ ದಿನ ಹೊರಗೆ ಯಾರೋ ಕೆಮ್ಮಿದರು. ಕೆಮ್ಮಿ ಅಭ್ಯಾಸವಿಲ್ಲದವರ ಕೆಮ್ಮು. ಗುರುಸಿದ್ದಪ್ಪ ಒಳಗೆ ಬಂದು ನೆಲದ ಮೇಲೆ ಕೂತರು. ನಾನು ಕೈಮುಗಿದೆ. ಅವರು ಅದಕ್ಕಿಂತ ಮೊದಲೇ ಮುಗಿದಿದ್ದರು.

“ಅಕ್ಕಾರ, ಇಪ್ಪತ್ತೆರಡು ವರ್ಷ ಆತು, ಹಸಿ ನೆಲದ ಮ್ಯಾಲ ದಾರಿ ಮಾಡಕೋತ ಬಂದೀನಿ” ಎಂದರು. “ಮೊನ್ನಿ ಕೆಸರಾಗ ನಿಂತಾಗ ಕಾಲ ಕೆಳಗ ಏನೂ ಇರಲಿಲ್ಲ. ಮುಗೀತು ಅಂದ್ಕೊಂಡೆ. ಆಮ್ಯಾಲ ಕಾಲಿಗೆ ನಿಮ್ಮ ದನಿ ಹತ್ತಿತು ನೋಡ್ರಿ. ಕಿವಿಗಲ್ಲ, ಕಾಲಿಗೆ. ಅಂಗಾಲಿನ್ಯಾಗ ಕೇಳಿಸ್ತು. ಅದರ ಮ್ಯಾಲ ನಿಂತೆ ನಾನು.”

ಆಮೇಲೆ ಕೆಂಪಜ್ಜಿಯನ್ನು ಕರೆದು, ನಮ್ಮ ಕದಕ್ಕೆ ನಾನೊಬ್ಬಳೇ ಯಾಕೆ ಎಂದು ಕೇಳಿದರು. ಕೆಂಪಜ್ಜಿ ಎಲ್ಲ ಹೇಳಿದಳು: ನಾಲ್ಕು ದಿನದ ಕದ, ನಾಲ್ಕು ಜನ, ಆಗದೇ ಹೋದ ಗೃಹಪ್ರವೇಶ. ಅವರು ಕೇಳಿಸಿಕೊಂಡು ತಮ್ಮ ತುಂಡು ಚಾಪೆಯನ್ನು ಕೈಯಲ್ಲಿ ತಿರುವುತ್ತ ಬಹಳ ಹೊತ್ತು ಕೂತರು.

“ಭಾರಾ ಎಲ್ಲಾ ಒಂದ ದನಿ ಮ್ಯಾಲ ಬಿದ್ದದ” ಎಂದರು ಕೊನೆಗೆ. “ಹರಡಬೇಕ್ರಿ. ಕದಾ ಎತ್ತೋಣು. ನನ್ನ ಚಾಪಿ ಒಂದ ದಿನಾ ಆ ಜಾಗಾ ಹಿಡದು ನಿಂತಾವು, ಮ್ಯಾಲ ಗಾಡಿ ಹೋಗದಿದ್ರ ಸಾಕು. ಕದಾ ತಂದು ಇಲ್ಲಿ ಹಚ್ಚೋಣು. ಊರ ಮಂದಿ ಎಲ್ಲಾ ಅದನ್ನ ಹಾದು ಒಳಗ ಬರಲಿ. ಮನಿಗೆ ವಾಸ್ತುಶಾಂತಿ ಆಗೇ ಇಲ್ಲ ಅಂತೀರಿ. ಮಾಡೋಣು.”

ಕೆಂಪಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡಳು. ಮೂವತ್ತೆಂಟು ವರ್ಷ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಹೊಳೆದರೂ ಕದ ಎತ್ತಿದ ಗುಂಡಿಯನ್ನು ಹಿಡಿದು ನಿಲ್ಲಿಸುವ ವಸ್ತು ನಮ್ಮಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಜೀಪು ಎಪ್ಪತ್ತನೆಯ ಕದದವರೆಗೆ ಹೋಗಿ ನಿಂತಿತು. ನಾನು ಮನೆಯಲ್ಲೇ ಕೂತಿದ್ದೆ. ಏನಾಯಿತೆಂದು ಹೋದವರು ಹೇಳಿದ್ದು: ಇಪ್ಪತ್ತು ಜನ ಹಗ್ಗ ಹಿಡಿದು ಎಳೆದರಂತೆ. ಮೊದಲು ಬರಲಿಲ್ಲವಂತೆ, ಆಮೇಲೆ ಜೌಗು ಉಸಿರು ಬಿಟ್ಟಂತೆ ಸದ್ದಾಗಿ ತಾನಾಗಿ ಬಿಟ್ಟುಕೊಟ್ಟಿತಂತೆ. ಗುರುಸಿದ್ದಪ್ಪ ಆ ಜಾಗಕ್ಕೆ ಬಟ್ಟೆ ಹಾಸಿ, ಮೂರು ಪದರ ಚಾಪೆ ಹಾಸಿ, ಅದರ ಪಕ್ಕದಲ್ಲಿ ಮೊಣಕಾಲೂರಿ ಅಂಗೈಯಿಂದ ಒತ್ತಿ ನೋಡುತ್ತ ಕೂತರಂತೆ. ಖಲಂದರ್ ಕದವನ್ನು ಜೀಪಿಗೆ ಕಟ್ಟಿಕೊಂಡು ಹಿಮ್ಮುಖವಾಗಿಯೇ ಎಪ್ಪತ್ತು ಕದಗಳನ್ನು ದಾಟಿ ಊರಿಗೆ ಬಂದ. ಬೀದಿಯಲ್ಲಿ ಜನ ತಮಗರಿವಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಾವಿ ನೀರು ಹೊಯ್ದು ತೊಳೆದೆವು. ಕೊಳೆತಿರಬಹುದು, ಹುಳು ಹಿಡಿದಿರಬಹುದು ಎಂದುಕೊಂಡಿದ್ದೆ. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ. ಮರ ಕಪ್ಪಗಾಗಿ ಹೊಳೆಯುತ್ತಿತ್ತು, ಗಾಲಿ ಉಜ್ಜಿದ ಕಡೆ ನುಣ್ಣಗಾಗಿತ್ತು. ಮೂಗು ಹತ್ತಿರ ತಂದರೆ ಇನ್ನೂ ಹೊಸ ಮರದ ವಾಸನೆ. ಕೆಳಮೈಯಲ್ಲಿ ಎರಡು ಗೆರೆಗಳು ನಿನ್ನೆ ಎಳೆದಂತೆ ಇದ್ದವು. ದೊಡ್ಡದು ನನ್ನದು. ಚಿಕ್ಕದರ ಮೇಲೆ ಬೆರಳಿಟ್ಟೆ. ಎಂಟು ವರ್ಷದ ಗಿರಿಜೆ ಅಷ್ಟೇ ಎತ್ತರ ಇದ್ದಳು. ನನಗೆ ಅಳು ಬಂತು, ಅಳುವುದಕ್ಕೂ ದನಿಯಿರಲಿಲ್ಲ.

ಚೌಕಟ್ಟಿನ ಹಳೇ ಕೀಲುಗಳಿಗೆ ಹರಳೆಣ್ಣೆ ಬಿಟ್ಟು, ಪರದೆ ತೆಗೆದು, ಕದ ಕೂರಿಸಿದರು. ಖಲಂದರ್ ಅದನ್ನು ಒಮ್ಮೆ ಹಾಕಿ ನೋಡಿದ. ಚಿಲಕ ಬಿದ್ದ ಸದ್ದಿಗೆ ಬೀದಿಯೆಲ್ಲ ತಿರುಗಿ ನೋಡಿತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದಾಗಿನಿಂದ ಒಂದು ಬಾಗಿಲು ಮುಚ್ಚಿದ್ದನ್ನು ಕೇಳಿರಲಿಲ್ಲ. ಒಂದು ಮಗು ಹೆದರಿ ಅಮ್ಮನ ಸೀರೆ ಹಿಡಿಯಿತು. ಆಮೇಲೆ ಕದ ತೆರೆಯಿತು, ನಾನು ಒಳಗೆ ಬೆಲ್ಲದ ತಟ್ಟೆ ಹಿಡಿದು ನಿಂತೆ. ಒಬ್ಬೊಬ್ಬರೇ ಬಲಗಾಲಿಟ್ಟು ಬಂದರು. ಪ್ರತಿಯೊಬ್ಬರೂ ಒಳಗೆ ಬರುವಾಗ ಕದವನ್ನು ಅಂಗೈಯಿಂದ ಮುಟ್ಟಿದರು, ಯಾರೂ ಹೇಳಿಕೊಟ್ಟಿರಲಿಲ್ಲ. ಕೆಂಪಜ್ಜಿ ಬಂದಳು. ಕುಂಬಾರರ ಮನೆಯ ಮೂರು ತಲೆಮಾರು ಒಟ್ಟಿಗೆ ಬಂತು. ಅಂದು ಜೀಪು ಹೂಳಿಸಿದ ಆ ಸೊಸೆ ಈಗ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಬೆಲ್ಲ ತಿಂದು ಹಿತ್ತಲಿನಿಂದ ಹೊರಗೆ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಇಷ್ಟು ಜನ ನಮ್ಮೂರಿನಲ್ಲಿದ್ದಾರೆಂದು ನನಗೆ ಗೊತ್ತಿರ‌ಲಿಲ್ಲ. ಸಂಜೆಯಾಗುವ ಮೊದಲು ಜೌಗಿನಿಂದ ಬಂದ ಗುರುಸಿದ್ದಪ್ಪ ಬೂಟು ಬಿಚ್ಚಿ, ಕೆಸರಿನ ಕಾಲು ತೊಳೆದು, ಎಲ್ಲರಿಗಿಂತ ಕೊನೆಯವರಾಗಿ ಹೊಸ್ತಿಲು ದಾಟಿದರು. “ಈಗ ನಾನೂ ನಿಮ್ಮನಿ ಮನಷ್ಯಾ ಆದೆ ನೋಡ್ರಿ” ಎಂದು ಬೆಲ್ಲಕ್ಕೆ ಕೈ ಒಡ್ಡಿದರು. ಬೆಳಕಿರುವಾಗಲೇ ಕದ ಮತ್ತೆ ಜೌಗಿಗೆ ಹೋಗಿ ಚಾಪೆಗಳ ಮೇಲೆ ಮಲಗಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಜೀಪು ಹತ್ತಿದೆ. ಮಡಿಲಲ್ಲಿ ಒಂದು ಗಂಟು, ಅದರಲ್ಲಿ ಗಿರಿಜೆಗೆಂದು ಉಳಿಸಿದ ಬೆಲ್ಲ. ನನ್ನ ಮನೆಯೊಳಗೆ ಹಿಡಿಸುವಷ್ಟು ಜನ ಕೂತಿದ್ದರು, ಹಿಡಿಸದವರು ಹಿತ್ತಲ ಜಗಲಿಯಲ್ಲಿ. ಉಳಿದವರೆಲ್ಲ ಅವರವರ ಮನೆಯಲ್ಲಿ. ಜೀಪು ಮೊದಲ ಕದ ಹತ್ತಿತು. ಇಷ್ಟು ವರ್ಷ ನಾನು ಕೇಳಿದ್ದು ಊರಿನೊಳಗಿನ ಸದ್ದು ಮಾತ್ರ. ಇಲ್ಲಿ ಸದ್ದೇ ಇಲ್ಲ. ಎರಡೂ ಕಡೆ ಕಣ್ಣು ಹೋದಷ್ಟು ದೂರ ಹಸಿರು, ಅಲ್ಲಲ್ಲಿ ಆಕಾಶದ ತುಂಡುಗಳಂತೆ ನೀರು, ಅರ್ಧ ಮೈಲಿ ಅಗಲದ ಹಳೇ ಗಾಯದ ಮೇಲೆ ಈಗಷ್ಟೇ ಕೂಡಿಕೊಳ್ಳುತ್ತಿರುವ ಎಳೇ ಹುಲ್ಲು. ಇಷ್ಟು ಚೆಲುವಾದ ನೆಲದ ಮೇಲೆ ನನ್ನ ಮಾತು ಮೂವತ್ತೆಂಟು ವರ್ಷ ಓಡಾಡಿದೆ, ನಾನು ಮಾತ್ರ ಬಂದಿರಲಿಲ್ಲ.

“ಚಪ್ಪಲಿ ಬಿಚ್ಚಿ ಕಾಲು ಕೆಳಗೆ ಊರಿ ಅಕ್ಕ” ಎಂದ ಖಲಂದರ್. “ಬಂತು ನಿಮ್ಮದು.”

ಜೀಪಿನ ತಗಡಿಗೆ ಬರಿಗಾಲು ಊರಿದೆ. ಮುಂದಿನ ಗಾಲಿ ಎಪ್ಪತ್ತೊಂದನ್ನು ಹತ್ತಿತು. ಜೀಪು ಒಂದಿಷ್ಟು ಇಳಿಯಿತು. ಆಗ ನನ್ನ ಅಂಗಾಲಿಗೆ ಬಂತು. ಬಿಸಿಲಿಗೆ ಕಾದ ಜಗಲಿಯ ಮೇಲೆ ಕಾಲಿಟ್ಟ ಹಾಗೆ, ಮೊದಲು ಬೆಚ್ಚಗೆ, ಆಮೇಲೆ ಮಾತಾಗಿ. ಇದ್ದೀವಿ, ದಾಟಿ. ಕೆಂಪಜ್ಜಿಯ ಮಗನ ಗಡಸು ದನಿ, ಆ ಸೊಸೆಯ ದನಿ, ಅವಳ ಮೊಮ್ಮಗಳ ತೊದಲು, ಎಲ್ಲಕ್ಕಿಂತ ಕೊನೆಗೆ ಸ್ವಲ್ಪ ತಡವಾಗಿ, “ಅದೀವ್ರಿ, ದಾಟ್ರಿ.” ಊರಿಗೆ ಊರೇ ನನ್ನ ಕಾಲ ಕೆಳಗೆ ನಿಂತಿತ್ತು. ನನ್ನ ಮನೆಯಿಂದ ಮತ್ತೆ “ಇದ್ದೀವಿ” ಎಂಬ ಮಾತು ಹೊರಟಿತ್ತು. ಕದ ಅಲುಗಲಿಲ್ಲ. ಹಿಂದಿನ ಗಾಲಿಯೂ ಹತ್ತಿತು, ಇಳಿಯಿತು. ಖಲಂದರ್ ಒಂದು ಕೈಯಿಂದ ಕಣ್ಣೊರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ.

ಆಚೆ ದಡದ ಊರಿನಲ್ಲಿ ಮನೆಗಳಿಗೆಲ್ಲ ಕದಗಳಿವೆ. ಸಾಲಾಗಿ ಮುಚ್ಚಿಕೊಂಡು ನಿಂತ ಅವನ್ನು ನೋಡಿ ನನಗೆ ಯಾಕೋ ಹೆದರಿಕೆಯಾಯಿತು. ಖಲಂದರ್ ಬೀದಿಯ ಕೊನೆಯ ಮನೆ ತೋರಿಸಿ, ಗಿರಿಜೆಯ ಮಕ್ಕಳು ಕೆಲಸಕ್ಕೆ ಹೋಗಿರುತ್ತಾರೆ ಎಂದು ಹೇಳಿ ನಿಂತುಕೊಂಡ. ಆರು ದಿನದಿಂದ ಅವಳ ಸುದ್ದಿ ಇಲ್ಲ. ಮುಚ್ಚಿದ ಕದದ ಮುಂದೆ ನಿಂತರೆ ಏನು ಮಾಡಬೇಕೆಂದು ನನಗೆ ಮರೆತೇಹೋಗಿತ್ತು. ಕೆಮ್ಮೋಣವೆಂದರೆ ಗಂಟಲಿನಲ್ಲಿ ಅಷ್ಟೂ ತ್ರಾಣವಿಲ್ಲ. ಕರೆಯೋಣವೆಂದರೆ ದನಿಯೇ ಇಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕೈಯೆತ್ತಿ ಒಂದು ಬಾಗಿಲನ್ನು ತಟ್ಟಿದೆ. ಒಂದು ಸಲ. ಒಂದು ಉಸಿರು ತಡೆದು, ಹಿಂದಿನ ಗಾಲಿಯಷ್ಟು ಹೊತ್ತು ಬಿಟ್ಟು, ಇನ್ನೊಂದು ಸಲ.

ಒಳಗೆ ಏನೂ ಕೇಳಿಸಲಿಲ್ಲ. ನಾನು ಕದಕ್ಕೆ ಹಣೆ ಒರಗಿಸಿ ನಿಂತೆ.

ಆಮೇಲೆ ಒಳಕೋಣೆಯಿಂದ ಕ್ಷೀಣವಾಗಿ, ಆದರೆ ನಮ್ಮೂರಿನವರು ಹೇಳುವ ಅದೇ ರಾಗದಲ್ಲಿ ಗಿರಿಜೆಯ ದನಿ ಬಂತು.

“ಇದ್ದೀನಿ, ದಾಟಿ.”

ನಾನು ಕದ ತಳ್ಳಿ ಬಲಗಾಲಿಟ್ಟು ಒಳಗೆ ಹೋದೆ.